ಸಮ್ಮೇಳನದ ಮದುವೆಗೆ ಕೊಂಡ ಬಿಂದಿಗೆ

ನಾನು ಅಜ್ಜಿಯಾದೆ! ಇವತ್ತು ಬೆಳಿಗ್ಗೆ ಚಿಂತಾಮಣಿ ಕಡೆಯಿಂದ ಬರುವ ಚಿಕ್ಕ ರೈಲು ಕೂಗುವುದಕ್ಕೂ ನಮ್ಮ ಒಳಕೋಣೆಯಲ್ಲಿ ಮಗು ಕೂಗುವುದಕ್ಕೂ ಸರಿಹೋಯಿತು. ಯಾವುದು ರೈಲು, ಯಾವುದು ಮಗು ಎಂದು ಒಂದು ಗಳಿಗೆ ನನಗೆ ತಿಳಿಯಲೇ ಇಲ್ಲ. ಒಂದು ಕೂಗು ನಿಂತಿತು, ಇನ್ನೊಂದು ನಿಲ್ಲಲಿಲ್ಲ. ನಿಲ್ಲದೆ ಹೋದದ್ದು ನನ್ನ ಮೊಮ್ಮಗಳು, ನನ್ನ ಮಗಳು ಜಯಳ ಮಗಳು. ಇನ್ನೊಮ್ಮೆ ಹೇಳುತ್ತೇನೆ, ಹೇಳಿದಷ್ಟೂ ನನಗೆ ಸಾಲದು: ನಾನು ಅಜ್ಜಿಯಾದೆ.

ಶಿಡ್ಲಘಟ್ಟದ ನಮ್ಮ ಬೀದಿಗೆಲ್ಲ ಹೇಳಿಯಾಯಿತು. ಸೊಪ್ಪು ಮಾರುವವಳಿಗೆ ಮರೆತು ಎರಡನೆಯ ಸಲ ಹೇಳಿದಾಗ ಅವಳು, "ಗೊತ್ತಾಯ್ತು ಬಿಡಮ್ಮೋ, ಸೊಪ್ಪು ಬೇಕಾ ಬೇಡ್ವಾ?" ಎಂದಳು. ಹೇಳಲು ಇನ್ನು ಯಾರೂ ಉಳಿಯದೆ ಕಾಗದದ ಮುಂದೆ ಕೂತಿದ್ದೇನೆ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಬಿಟ್ಟೆ ಅನ್ನುವುದಕ್ಕಿಂತ ಸ್ಕೂಲೇ ನನ್ನನ್ನು ಬಿಟ್ಟಿತು ಅನ್ನಬೇಕು. ನಮ್ಮಪ್ಪನ ಮನೆಯಲ್ಲೂ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸವೇ. ಬೆಳಗಾಗೆದ್ದು ಬಿಸಿನೀರಿನ ಬಾಣಲೆಯಲ್ಲಿ ಗೂಡು ತಿರುವಿ, ನೆನೆದು ಸುಕ್ಕಾದ ಅದೇ ಬೆರಳಲ್ಲಿ ಸ್ಲೇಟು ಹಿಡಿದು ಹೋದರೆ, ಬೆಂದ ಹುಳುವಿನ ವಾಸನೆಗೆ ಮೇಷ್ಟರು ನನ್ನನ್ನು ಕಿಟಕಿಯ ಪಕ್ಕ ಕೂರಿಸುತ್ತಿದ್ದರು. ಗಾಳಿ ಅವರ ಕಡೆ ತಿರುಗಿದ ದಿನ ಕಿಟಕಿಯಿಂದಾಚೆ ಕೂರಿಸುತ್ತಿದ್ದರು. ಆಚೆ ಕೂತು ಕಲಿತ ಅಕ್ಷರ ಇವು. ಒತ್ತು, ದೀರ್ಘ ಹೆಚ್ಚುಕಡಿಮೆಯಾದರೆ ಗಾಳಿಯ ತಪ್ಪು ಎಂದುಕೊಳ್ಳಿ.

ಹೇಳಹೊರಟದ್ದು ಬಿಂದಿಗೆಯ ವಿಷಯ. ಸೂಲಗಿತ್ತಿ ಮುನಿಯಮ್ಮ ಬಿಸಿನೀರಿಗೆ ಪಾತ್ರೆ ಕೇಳಿದಾಗ ಗಾಬರಿಯಲ್ಲಿ ನನ್ನ ಕೈ ಅಟ್ಟದ ಮೇಲಿದ್ದ ಹಿತ್ತಾಳೆ ಬಿಂದಿಗೆಗೆ ಹೋಯಿತು. ಮುನಿಯಮ್ಮನಿಗೆ ಓದು ಬಾರದು. ಬಿಂದಿಗೆಯ ಹೆಗಲ ಸುತ್ತ ಚುಕ್ಕೆಚುಕ್ಕೆಯಾಗಿ ಕೊರೆದಿದ್ದ ಅಕ್ಷರಗಳನ್ನು ಬೆರಳಲ್ಲಿ ಸವರಿ, "ಇದೇನಮ್ಮ ಇಷ್ಟುದ್ದ ಬರ್ಸವ್ರೆ? ನಿಮ್ಮೆಜಮಾನ್ರ ವಂಶವೆಲ್ಲ ಇದ್ರಾಗೇ ಐತಾ?" ಎಂದಳು.

ನಮ್ಮ ಯಜಮಾನರು ಬಾಗಿಲ ಆಚೆ ನಿಂತಿದ್ದರು. ಒಳಗೆ ಮಗಳು ಹಲ್ಲು ಕಚ್ಚಿ ನೋವು ತಿನ್ನುತ್ತಿದ್ದಾಳೆ, ಇವರು ಅಲ್ಲಿಂದಲೇ ಶಾಸನ ಓದುವವರ ಹಾಗೆ ಗಟ್ಟಿಯಾಗಿ ಹೇಳಿದರು: "ಕೈಗಾರಿಕಾ ಸಿಬ್ಬಂದಿ ಸಮ್ಮೇಳನದ ಶುಭ ಮದುವೆಗೆ ಪ್ರೀತಿಯ ಕಾಣಿಕೆ."

"ಸಮ್ಮೇಳನ ಅಂದ್ರೆ ಹೆಣ್ಣಿನ ಹೆಸರಾ?" ಎಂದಳು ಮುನಿಯಮ್ಮ.

"ಅಲ್ಲ."

"ಗಂಡಿಂದಾ?"

"ಯಾರದೂ ಅಲ್ಲ. ನೀನು ನೀರು ಹಾಕಮ್ಮ ಮೊದ್ಲು!"

ನಾನು ಆಸೆಯಿಂದ ಜಯಳ ಮುಖ ನೋಡಿದೆ. ಹಿಂದಿನ ಜಯ ಆಗಿದ್ದರೆ ಆ ನೋವಿನಲ್ಲೂ ನಕ್ಕುಬಿಡುತ್ತಿದ್ದಳು. ನಗಲಿಲ್ಲ. ಮಗು ಹುಟ್ಟಿತು, ಒರೆಸಿ ಪಕ್ಕದಲ್ಲಿ ಮಲಗಿಸಿದರು. ಜಯ ಅದರ ಹಣೆ ಮುಟ್ಟಿ ಅತ್ತಳು. ಅಳಲಿ, ಸಂತೋಷದ ಅಳು, ನಾನೂ ಅತ್ತೆ, ಮುನಿಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆದರೆ ನಗು? ಅದು ಬರಲಿಲ್ಲ. ಮೊಮ್ಮಗಳು ಬಂದ ಸಂತೋಷದ ನಡುವೆ ಬೆಳಿಗ್ಗೆಯಿಂದ ನನಗೆ ಇದೊಂದೇ ಕೊರತೆ. ನನ್ನ ಮಗಳ ನಗು ಎಂಥದೆಂದು ಗೊತ್ತಾದರೆ ಈ ಕೊರತೆ ನಿಮಗೂ ಅರ್ಥವಾಗುತ್ತದೆ.

ಅವಳ ನಗು ಊರಿಗೇ ಗೊತ್ತಿದ್ದ ವಿಷಯ. ಎಲ್ಲರೂ ನಗುವಾಗ ಅವಳಿಗೆ ನಗು ಬರುತ್ತಿರಲಿಲ್ಲ. ಎಲ್ಲರೂ ಗಂಭೀರವಾಗಿರುವಾಗ ಬರುತ್ತಿತ್ತು. ಸ್ಕೂಲಿನ ಪ್ರಾರ್ಥನೆಯಲ್ಲಿ ಬರುತ್ತಿತ್ತು. ದೇವರಿಗೆ ಮಂಗಳಾರತಿ ಎತ್ತುವಾಗ ಬರುತ್ತಿತ್ತು. ಮೊದಲು ಭುಜ ಕುಣಿಯುತ್ತಿತ್ತು, ಆಮೇಲೆ ಮೂಗಿನಿಂದ ಸಣ್ಣ ಶಬ್ದ, ಆಮೇಲೆ ಕೆರೆ ಕೋಡಿ ಬಿದ್ದ ಹಾಗೆ. ಹೆಣ್ಣು ನೋಡಲು ಬಂದವರ ಮುಂದೆ ಬರದಿರುತ್ತದೆಯೇ? ಮೊದಲನೆಯ ಗಂಡು, ಗೌರಿಬಿದನೂರಿನವನು, ಕಾಫಿಯನ್ನು ತಟ್ಟೆಗೆ ಸುರಿದುಕೊಂಡು ಊದಿದ. ನೊರೆ ಹಾರಿ ಅವನ ತಂದೆಯ ಮೀಸೆಗೆ ಅಂಟಿತು. ನಕ್ಕಳು. ಎದ್ದುಹೋದರು. ಎರಡನೆಯವನು ಏನೂ ಮಾಡಲಿಲ್ಲ, ಸುಮ್ಮನೆ ಕೂತಿದ್ದ. ಅಷ್ಟು ಸುಮ್ಮನೆ ಕೂತಿದ್ದಾನಲ್ಲ ಎಂದು ನಕ್ಕಳಂತೆ. ಅವರೂ ಎದ್ದುಹೋದರು. ಅಲ್ಲಿಂದ ಮುಂದೆ ಗಂಡುಗಳು ಬರುವುದೇ ನಿಂತಿತು. "ನಿಮ್ಮ ಹುಡುಗಿಗೆ ಏನೋ ಸೋಕಿದೆ, ಮಂತ್ರ ಹಾಕ್ಸಿ" ಎಂದು ನೆರೆಯವರು ಹೇಳಿದರು. ಹಾಕಿಸಿದೆವು. ಮಂತ್ರ ಹಾಕುವವನ ಮುಂದೆಯೂ ನಕ್ಕಳು.

ಇಪ್ಪತ್ತು ತುಂಬಿದ ಮಗಳು ಮನೆಯಲ್ಲಿದ್ದಾಳೆ, ತಾಯಿಗೆ ನಿದ್ದೆ ಎಲ್ಲಿಂದ ಬರಬೇಕು? ಅಂಥ ಕಾಲದಲ್ಲಿ ಆ ಕಾಗದ ಬಂತು. ಆಣೆ ಹೋಗಿ ನಯಾಪೈಸೆ ಬಂದ ಹೊಸತು. ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಲಗ್ನಪತ್ರಿಕೆ! ಮೇಲೆ ಗಣಪತಿ, ಎರಡು ಕಡೆ ಬಾಳೆಕಂದು. ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು. ಕೈಗಾರಿಕಾ ಸಿಬ್ಬಂದಿ ಸಮ್ಮೇಳನವನ್ನು ಚಿಕ್ಕಬಳ್ಳಾಪುರದ ಛತ್ರದಲ್ಲಿ, ಬೆಳಿಗ್ಗೆ ಹತ್ತೂವರೆಗೆ ಸಲ್ಲುವ ಶುಭ ಮುಹೂರ್ತದಲ್ಲಿ ನೆರವೇರಿಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ ತಾವು ಸಕುಟುಂಬ ಪರಿವಾರ ಸಮೇತರಾಗಿ ದಯಮಾಡಿಸಬೇಕು ಎಂದಿತ್ತು. ಕೆಳಗೆ ಗೌರಿಬಿದನೂರಿನ ಆಚೆಯ ಒಂದು ಗಿರಣಿಯ ಹೆಸರಿತ್ತು.

"ಹೆಣ್ಣುಗಂಡಿನ ಹೆಸರೇ ಇಲ್ವಲ್ರೀ?" ಎಂದೆ.

"ದೊಡ್ಡೋರ ಮನೆ ಮದುವೆ ಕಣೇ. ದೃಷ್ಟಿ ಆಗುತ್ತೆ ಅಂತ ಹಾಕ್ಸಿಲ್ಲ."

"ಸಿಬ್ಬಂದಿ ಅಂದ್ರೆ?"

"ಮನೆತನದ ಹೆಸರು."

"ಸಮ್ಮೇಳನ ಅಂದ್ರೆ?"

ಅವರು ಕನ್ನಡಕ ತೆಗೆದು ಒರೆಸಿದರು. ಗೊತ್ತಿಲ್ಲದ್ದನ್ನು ಕೇಳಿದಾಗ ಅವರು ಯಾವತ್ತೂ ಕನ್ನಡಕ ಒರೆಸುತ್ತಾರೆ. "ಊರೆಲ್ಲ ಸೇರಿ ಮಾಡೋ ಮದುವೆ" ಎಂದರು.

ನಮಗೆ ಏಕೆ ಕರೆ ಬಂತೆಂದು ಯೋಚಿಸಲೇ ಇಲ್ಲ. ನಮ್ಮ ಮನೆಯ ಹಿಂದೆ ಒಂದು ಶೆಡ್ಡು, ಅದರಲ್ಲಿ ನೂಲು ಬಿಚ್ಚುವ ಕೆಲವು ಹೆಂಗಸರು, ಅಷ್ಟೇ ನಮ್ಮ ಕಾರ್ಖಾನೆ. ಅಷ್ಟಕ್ಕೇ ಗಿರಣಿಯವರು ನಮ್ಮನ್ನು ದೊಡ್ಡ ಮನುಷ್ಯರೆಂದು ತಿಳಿದಿದ್ದಾರೆ ಎಂದು ಯಜಮಾನರು ಎರಡು ದಿನ ನೆಟ್ಟಗೆ ನಡೆದರು. ಹಿತ್ತಾಳೆ ಬಿಂದಿಗೆ ಕೊಂಡರು. ನಮ್ಮ ಕಡೆ ಮದುವೆಗೆ ಪಾತ್ರೆ ಕೊಟ್ಟರೆ ಹೆಸರು ಕೊರೆಸಿ ಕೊಡಬೇಕು, ಇಲ್ಲದಿದ್ದರೆ ನಾಳೆ ಅದು ಯಾರದೋ ಆಗುತ್ತದೆ. ಹೆಣ್ಣುಗಂಡಿನ ಹೆಸರು ಗೊತ್ತಿಲ್ಲದ್ದರಿಂದ ಕಾಗದದಲ್ಲಿದ್ದ ಹೆಸರನ್ನೇ ಕೊರೆಸಿದರು. ಕೊರೆಯುವವನು "ಇಷ್ಟುದ್ದದ ಹೆಣ್ಣು ನಾನು ನೋಡಿಲ್ಲ ಸ್ವಾಮಿ" ಅಂದನಂತೆ.

ಆ ದಿನ ಶೆಡ್ಡಿಗೆ ರಜೆ ಕೊಟ್ಟೆವು. ಒಲೆ ಆರಿಸಿ, ಹೆಂಗಸರಿಗೆಲ್ಲ "ದೊಡ್ಡೋರ ಮದುವೆ ಕಣ್ರಮ್ಮಾ" ಎಂದು ಹೇಳಿ ಹೊರಟೆವು. ಜಯಳಿಗೆ ನನ್ನ ಧಾರೆ ಸೀರೆ ಉಡಿಸಿದೆ. ಮದುವೆಮನೆ ಎಂದಮೇಲೆ ಗಂಡು ಹೆತ್ತವರು ನಾಲ್ಕು ಜನ ಬಂದೇ ಇರುತ್ತಾರೆ, ಒಬ್ಬರ ಕಣ್ಣಿಗಾದರೂ ಬೀಳಲಿ ಎಂಬ ಆಸೆ.

"ನಗಬೇಡ್ವೇ ತಾಯಿ, ಇವತ್ತೊಂದಿನ. ನಗು ಬಂದ್ರೆ ಸತ್ತೋರನ್ನ ನೆನೆಸ್ಕೊ" ಎಂದೆ.

"ಯಾರನ್ನಮ್ಮಾ?"

"ನಿಮ್ಮ ತಾತನ್ನ."

ಅವಳ ತಾತ, ನಮ್ಮ ಮಾವನವರು, ಗೊರಕೆ ಹೊಡೆದು, ತಮ್ಮ ಗೊರಕೆಗೆ ತಾವೇ ಬೆಚ್ಚಿ, "ಯಾರೋ ಅದು?" ಎಂದು ದೊಣ್ಣೆ ಹಿಡಿದು ಎದ್ದು ಕೂರುತ್ತಿದ್ದರು. ಅದು ನೆನಪಾಗಿ ಜಯ ಸ್ಟೇಷನ್ನಿನಲ್ಲೇ ಶುರು ಮಾಡಿದಳು. ಆ ಚಿಕ್ಕ ರೈಲು ಏರು ಬಂದರೆ ಏದುಸಿರು ಬಿಡುತ್ತಾ, ಹೊಲದಲ್ಲಿ ನಡೆಯುವವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಅಷ್ಟು ದೂರವೂ ನಕ್ಕಳು. ಚಿಕ್ಕಬಳ್ಳಾಪುರದಲ್ಲಿ ಇಳಿದಾಗ ನನ್ನ ಹೊಟ್ಟೆಯಲ್ಲಿ ಬೆಂಕಿ, ಅವಳ ಕಣ್ಣಲ್ಲಿ ನೀರು, ಯಜಮಾನರ ಕಂಕುಳಲ್ಲಿ ಬಿಂದಿಗೆ.

ಛತ್ರದ ಬಾಗಿಲಲ್ಲಿ ಬಾಳೆಕಂದು, ಮಾವಿನ ತೋರಣ, ನಾಗಸ್ವರ. ಛತ್ರದ ಮ್ಯಾನೇಜರಿಗೆ ಗೊತ್ತಿದ್ದದ್ದು ಮದುವೆ ಒಂದೇ, ಯಾರು ಬಾಡಿಗೆಗೆ ತೆಗೆದುಕೊಂಡರೂ ಓಲಗದವರಿಗೆ ಹೇಳಿಕಳಿಸುತ್ತಿದ್ದ ಎಂದು ಆಮೇಲೆ ತಿಳಿಯಿತು. ಬಾಗಿಲ ಪಕ್ಕ ಒಂದು ಮೇಜು, ಅದರ ಹಿಂದೆ ಪುಸ್ತಕ ತೆರೆದುಕೊಂಡ ಗುಮಾಸ್ತ. ಮದುವೆಮನೆಯಲ್ಲಿ ಬಾಗಿಲಲ್ಲಿ ಪುಸ್ತಕ ಇಟ್ಟುಕೊಂಡು ಕೂತವನು ಮುಯ್ಯಿ ಬರೆಯುವವನೇ ಅಲ್ಲವೇ? ಎಲ್ಲರೂ ತಂದದ್ದನ್ನು ಅವನ ಮುಂದೆ ಇಡುತ್ತಿದ್ದರು. ಚಿಂತಾಮಣಿಯ ಎಣ್ಣೆಗಾಣದವರು ಒಂದು ತಗಡಿನ ಡಬ್ಬಿ ಕಡಲೆಕಾಯಿ ಎಣ್ಣೆ, ನಗರಗೆರೆಯ ಆಲೆಮನೆಯವರು ಬೆಲ್ಲದ ಅಚ್ಚುಗಳು, ಮುರುಗಮಲ್ಲದ ಬೀಡಿ ಶೆಡ್ಡಿನ ಸಾಬರು ಒಂದು ಮೂಟೆ ಅಕ್ಕಿ. ಗುಮಾಸ್ತ ತಲೆಯೆತ್ತದೆ ಬರೆಯುತ್ತಿದ್ದವನು, ಹಿಂದೆ ತಿರುಗಿ ನೋಡಿ, ತಾನು ಯಾವಾಗ ದಿನಸಿ ಅಂಗಡಿ ಇಟ್ಟೆ ಎಂದು ಬೆರಗಾಗಿ ಕೂತಿದ್ದ.

"ನಿಮ್ಮಲ್ಲಿ ಕೆಲಸ ಮಾಡೋರು ಎಷ್ಟು ಜನ?" ಎಂದು ಯಜಮಾನರನ್ನು ಕೇಳಿದ.

ಮುಯ್ಯಿ ಬರೆಯುವವನಿಗೆ ಇದೇಕೆ ಬೇಕು ಎಂದು ಅವರಿಗೆ ಆಶ್ಚರ್ಯ. ಆದರೂ ಸತ್ಯ ಹೇಳಿದರು. ನನ್ನ ಕಡೆ ಕೈ ತೋರಿಸಿ, "ಮಾಡೋದು ಇವಳೊಬ್ಬಳೇ" ಎಂದರು.

ಬಿಂದಿಗೆಯನ್ನು ಮಾತ್ರ ಕೊಡಲಿಲ್ಲ. ಹೆಸರು ಕೊರೆಸಿದ ಪಾತ್ರೆ ಹೆಣ್ಣುಗಂಡಿನ ಕೈಗೇ ಕೊಡಬೇಕಂತೆ. ಗುಮಾಸ್ತ ನಮ್ಮೆಲ್ಲರಿಗೂ ಎದೆಗೆ ಚುಚ್ಚಿಕೊಳ್ಳಲು ರಿಬ್ಬನ್ನು ಕೊಟ್ಟ. ಕಾರ್ಖಾನೆ ನಡೆಸುವವರಿಗೆ ಕೆಂಪು, ಕೆಲಸ ಮಾಡುವವರಿಗೆ ನೀಲಿ. ಯಜಮಾನರಿಗೂ ಜಯಳಿಗೂ ಕೆಂಪು ಬಂತು, ನನಗೆ ನೀಲಿ. ಪಕ್ಕದಲ್ಲಿ ಕೂತ ಎಣ್ಣೆಗಾಣದ ಹೆಂಗಸು ನನ್ನ ರಿಬ್ಬನ್ನು ನೋಡಿ, "ನೀವು ಗಂಡಿನ ಕಡೇರಾ? ನಾವು ಕೆಂಪು, ಹೆಣ್ಣಿನ ಕಡೆ" ಎಂದಳು. ನನ್ನ ಗಂಡ, ಮಗಳು ಹೆಣ್ಣಿನ ಕಡೆ, ನಾನೊಬ್ಬಳು ಗಂಡಿನ ಕಡೆ! ಸರಿ, ಗಂಡಿನ ಕಡೆಯವರಿಗೆ ಮೊದಲು ಊಟ ಹಾಕುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ವೇದಿಕೆಯ ಮೇಲೆ ಕೋಟು ತೊಟ್ಟ ಗಂಡಸರು ಸಾಲಾಗಿ ಕೂತಿದ್ದರು. ನಡುವಿನ ಎತ್ತರದ ಕುರ್ಚಿಯಲ್ಲಿ ಬೆಂಗಳೂರಿನಿಂದ ಬಂದ ಒಬ್ಬ ವಯಸ್ಸಾದವರು, ನುಣ್ಣನೆ ತಲೆ, ಕೆಂಪು ಮುಖ.

ಹಿಂದೆ ಕೂತಿದ್ದ ನಗರಗೆರೆಯ ಆಲೆಮನೆಯ ಮುದುಕಿ ನನ್ನನ್ನು ತಿವಿದಳು. "ಪೆಂಡ್ಲಿಕೊಡುಕು ಎಕ್ಕಡಮ್ಮಾ? ಮದುಮಗ ಎಲ್ಲವ್ನೆ?"

"ನಡುವೆ ಇರೋರೇ ಇರ್ಬೇಕು" ಎಂದೆ.

"ಅಯ್ಯೋ ದೇವುಡಾ! ಈ ವಯಸ್ಸಿಗಾ?"

"ಎರಡನೇದೇನೋ."

"ಎರಡ್ನೇದಾದ್ರೂ ಹೆಣ್ಣು ಬೇಡ್ವಾ? ಅಲ್ಲಿರೋರೆಲ್ಲ ಮೀಸೆಯೋರೇ ಅಲ್ವಾ!"

ಅಷ್ಟರಲ್ಲಿ ಒಬ್ಬ ತೆಳ್ಳನೆಯ ಹುಡುಗ, ಎಣ್ಣೆ ಹಚ್ಚಿ ತಲೆ ಬಾಚಿದವನು, ಒಂದು ದಪ್ಪ ಹಾರ ತಂದು ಆ ವಯಸ್ಸಾದವರ ಕೊರಳಿಗೆ ಹಾಕಿದ. ಹಾರ ಬಿದ್ದದ್ದೇ ತಡ, ಓಲಗದವರು ಗಟ್ಟಿಮೇಳ ಊದಿದರು. ಗಟ್ಟಿಮೇಳ ಕೇಳಿದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಮನೆಯಿಂದ ಗಂಟು ಕಟ್ಟಿ ತಂದಿದ್ದ ಅಕ್ಷತೆ ನಾಲ್ಕೂ ದಿಕ್ಕಿನಿಂದ ಹಾರಿತು. ಬೆಂಗಳೂರಿನ ಸಾಹೇಬರು ಮೊದಲು ಕಣ್ಣು ಮುಚ್ಚಿಕೊಂಡರು, ಆಮೇಲೆ ಕಿವಿ ಮುಚ್ಚಿಕೊಂಡರು, ಆಮೇಲೆ ಆ ತೆಳ್ಳನೆಯ ಹುಡುಗನ ಹಿಂದೆ ಅಡಗಿದರು. ಮಿಕ್ಕ ಅಕ್ಷತೆಯೆಲ್ಲ ಅವನ ತಲೆಗೇ ಬಿತ್ತು. ಎಣ್ಣೆ ತಲೆ, ಚೆನ್ನಾಗಿ ಅಂಟಿತು.

ಇದೇ ಸಮಯವೆಂದು ನಮ್ಮ ಯಜಮಾನರು ಬಿಂದಿಗೆ ಎತ್ತಿಕೊಂಡು ವೇದಿಕೆ ಹತ್ತಿದರು. ನಾನು "ರೀ, ರೀ" ಎಂದದ್ದು ಓಲಗದಲ್ಲಿ ಮುಳುಗಿತು. ಸಾಹೇಬರ ಕೈಗೆ ಬಿಂದಿಗೆ ಕೊಟ್ಟು, "ನೂರು ಕಾಲ ಸುಖವಾಗಿ ಬಾಳಿ" ಎಂದು ಕೈಮುಗಿದರು. ಸಾಹೇಬರು ಬಿಂದಿಗೆಯನ್ನು ತಿರುಗಿಸುತ್ತಾ ತಿರುಗಿಸುತ್ತಾ ಓದಿದರು. ಮೈಕು ಬಾಯಿಯ ಹತ್ತಿರವೇ ಇತ್ತು. "ಕೈಗಾರಿಕಾ ಸಿಬ್ಬಂದಿ ಸಮ್ಮೇಳನದ... ಶುಭ... ಮದುವೆಗೆ..."

ಓಲಗ ನಿಂತಿತು. ಸಾಹೇಬರು ಆ ತೆಳ್ಳನೆಯ ಹುಡುಗನ ಕಡೆ ತಿರುಗಿ, "ಏನ್ರೀ ನಾರಾಯಣಸ್ವಾಮಿ, ಏನಿದು?" ಎಂದರು.

ಪಾಪ, ಆ ಹುಡುಗ ಗಿರಣಿಯಲ್ಲಿ ಕೆಲಸಗಾರರ ಕ್ಷೇಮ ನೋಡಿಕೊಳ್ಳುವ ಅಧಿಕಾರಿ, ಸಮ್ಮೇಳನದ ಕಾರ್ಯದರ್ಶಿ. ಮೈಕಿನ ಮುಂದೆ ತೊದಲುತ್ತಾ ಎಲ್ಲವನ್ನೂ ಹೇಳಿದ. ಕಾರ್ಖಾನೆಗಳಲ್ಲಿ ಜನರಿಂದ ಕೆಲಸ ತೆಗೆಯುವುದು ಹೇಗೆ, ಜನರನ್ನು ನೋಡಿಕೊಳ್ಳುವುದು ಹೇಗೆ ಎಂದು ಮಾತಾಡಲು ಈ ನಾಲ್ಕು ತಾಲ್ಲೂಕಿನ ಎಲ್ಲ ಕಾರ್ಖಾನೆಯವರನ್ನೂ ಕರೆದ ಸಭೆಯಂತೆ ಅದು. ಅಚ್ಚು ಹಾಕಿಸಲು ಹೋದಾಗ ಪ್ರೆಸ್ಸಿನವರು, "ಹೊಸದಾಗಿ ಅಕ್ಷರ ಜೋಡಿಸೋಕೆ ವಾರ ಬೇಕು. ಲಗ್ನಪತ್ರಿಕೆ ಜೋಡ್ಸಿ ಇಟ್ಟಿದೀನಿ, ನಡುವೆ ಹೆಸರು ಬದಲಾಯಿಸಿದ್ರೆ ನಾಳೆನೇ ಕೊಡ್ತೀನಿ" ಎಂದರಂತೆ. ಅವಸರದಲ್ಲಿ ಇವನು ಹೂಂ ಎಂದನಂತೆ. ಅವರು ಅಚ್ಚುಕಟ್ಟಾದ ಮನುಷ್ಯ, ಕೇಳದೆಯೇ ಎಲ್ಲದಕ್ಕೂ ಅರಿಸಿನ ಬೇರೆ ಹಚ್ಚಿ ಅಂಚೆಗೆ ಹಾಕಿದ್ದರು.

ಸಾಹೇಬರು ಕಾಲರಿನೊಳಗಿಂದ ಒಂದೆರಡು ಅಕ್ಕಿಕಾಳು ತೆಗೆದರು. ಬಿಂದಿಗೆಯನ್ನು ಯಜಮಾನರ ಕೈಗೆ ವಾಪಸು ಕೊಟ್ಟು, "ಇದನ್ನ ಜೋಪಾನವಾಗಿ ಇಟ್ಕೊಳ್ಳಿ. ಮದುವೆ ಅಂತ ಆದಾಗ ಕೊಡಿ" ಎಂದರು. ದೊಡ್ಡ ಮನುಷ್ಯ, ಬೈಯಲಿಲ್ಲ.

ಆಮೇಲೆ ಜೇಬಿನಿಂದ ಟೈಪು ಮಾಡಿದ ಭಾಷಣ ತೆಗೆದು ಓದಿದರು. ಬೇರೆ ಏನು ಮಾಡಲಾದೀತು, ತಂದದ್ದು ಅದೊಂದೇ. ನಮ್ಮ ನಾಡಿನ ಕೈಗಾರಿಕೆಗೆ ಅಂಟಿದ ರೋಗ ಏನೆಂದರೆ ಜನ ಮದುವೆ ಮದುವೆ ಎಂದು ಕೆಲಸ ಬಿಟ್ಟು ಹೋಗುವುದು. ಇದನ್ನು ತಡೆಯುವುದು ಹೇಗೆ, ಎಂಬುದು ಭಾಷಣ. ಕೆಳಗೆ ಕೂತವರೆಲ್ಲ ಗಾಣ, ಆಲೆಮನೆ, ಬೀಡಿ ಶೆಡ್ಡು ಬಾಗಿಲು ಹಾಕಿಕೊಂಡು ಮದುವೆಗೆ ಬಂದವರು. ಎಲ್ಲರೂ ತಲೆಯಾಡಿಸಿದೆವು. ನಗರಗೆರೆಯ ಮುದುಕಿಯಂತೂ, "ನಿಜಾನೇ, ಕೆಲಸ ಬಿಟ್ಟು ಬರಬಾರ್ದಪ್ಪ. ಊಟ ಎಷ್ಟೊತ್ತಿಗಂತೆ?" ಎಂದಳು.

ಕೊನೆಗೆ ವಂದನಾರ್ಪಣೆ. ನಾರಾಯಣಸ್ವಾಮಿ ಕಾಗದ ಹಿಡಿದು ಮೈಕಿನ ಮುಂದೆ ನಿಂತ. ಮುಖ ಅಳುವ ಹಾಗಿತ್ತು. "ಮಾನ್ಯ ಅಧ್ಯಕ್ಷರಿಗೆ ವಂದನೆಗಳು" ಎಂದು ಅತ್ತ ಬಾಗಿದ. ತಲೆಯಿಂದ ಅಕ್ಕಿಕಾಳು ಉದುರಿ ಕಾಗದದ ಮೇಲೆ ಬಿದ್ದವು. ಒರೆಸಿದ. "ಛತ್ರದ ಮಾಲೀಕರಿಗೆ ವಂದನೆಗಳು" ಎಂದು ಇತ್ತ ಬಾಗಿದ. ಇತ್ತಲಿಂದ ಉದುರಿದವು. ಎಷ್ಟು ಜನರಿಗೆ ವಂದಿಸಿದನೋ ಅಷ್ಟು ಸಲ ಉದುರಿದವು. ಉಗ್ರಾಣಕ್ಕೆ ತೂತು ಬಿದ್ದ ಹಾಗೆ.

ನನ್ನ ಪಕ್ಕದಲ್ಲಿ ಭುಜ ಕುಣಿಯತೊಡಗಿತು. "ತಾತ, ತಾತನ್ನ ನೆನೆಸ್ಕೊ" ಎಂದೆ. ಹೇಳಬಾರದಿತ್ತು. ಕೋಡಿ ಬಿತ್ತು. ಎಲ್ಲರೂ ತಿರುಗಿ ನೋಡಿದರು. ಹೆಣ್ಣು ಕೊಡುವವರು, ತರುವವರು, ಗಂಡು ಹೆತ್ತ ತಾಯಂದಿರು, ಎಲ್ಲರ ಕಣ್ಣೂ ನನ್ನ ಮಗಳ ಮೇಲೆ. ಬೀಳಲಿ ಎಂದು ಬಯಸಿದ್ದೆನಲ್ಲ, ಬಿತ್ತು. ಇನ್ನು ಇವಳಿಗೆ ಈ ನಾಲ್ಕು ತಾಲ್ಲೂಕಿನಲ್ಲಿ ಗಂಡು ಸಿಕ್ಕ ಹಾಗೆಯೇ ಎಂದು ಸೀರೆಯ ಸೆರಗನ್ನು ನನ್ನ ಮುಖಕ್ಕೇ ಹಾಕಿಕೊಂಡೆ.

ನಾರಾಯಣಸ್ವಾಮಿ ಓದುವುದು ನಿಲ್ಲಿಸಿದ. ಜಯಳನ್ನೇ ನೋಡಿದ. ಮೈಕಿನಲ್ಲೇ, ಬಹಳ ಮರ್ಯಾದೆಯಿಂದ, "ಮುಂದುವರಿಸಲು ಅಪ್ಪಣೆ ಇದೆಯೇ?" ಎಂದು ಕೇಳಿದ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಹೂಂ ಎಂದು ತಲೆಯಾಡಿಸಿದಳು. ಮುಂದುವರಿಸಿದ. ಅಲ್ಲಿಂದಾಚೆ ಪ್ರತಿ ವಂದನೆಗೂ ಮೊದಲು ಒಮ್ಮೆ ಅವಳ ಕಡೆ ನೋಡಿಯೇ ಬಾಗುತ್ತಿದ್ದ.

ಊಟಕ್ಕೆ ಕೋಟಿನವರಿಗೆ ಸಾಕಾಗುವಷ್ಟೇ ಅಡಿಗೆ ಮಾಡಿಸಿದ್ದರು. ಛತ್ರದ ತುಂಬ ಜನ. ಆಗ ನಾವು ಹೆಂಗಸರು ಸೆರಗು ಸಿಕ್ಕಿಸಿ ಅಡಿಗೆಮನೆಗೆ ನುಗ್ಗಿದೆವು. ಮುರುಗಮಲ್ಲದ ಅಕ್ಕಿ, ನಗರಗೆರೆಯ ಬೆಲ್ಲ, ಚಿಂತಾಮಣಿಯ ಎಣ್ಣೆ. ಮುಯ್ಯಿಗೆ ಬಂದದ್ದೆಲ್ಲ ಒಲೆ ಹತ್ತಿತು. ನಾನು ಪಾಯಸ ತಿರುವುತ್ತಿದ್ದೆ. ನಾರಾಯಣಸ್ವಾಮಿ ಬಾಗಿಲಲ್ಲಿ ಬಂದು ನಿಂತ.

"ಸಭೆಯಲ್ಲಿ ನಕ್ಕಿದ್ದು ಯಾರು ತಾಯಿ?"

ನನ್ನ ಕೈಯ ಸೌಟು ನಿಂತಿತು. "ತಪ್ಪಾಯ್ತು ಸ್ವಾಮಿ, ಅವಳಿಗೆ ಹುಟ್ಟಿದಾಗಿನಿಂದ ಹಂಗೇನೆ..."

"ನಾನೇ" ಎಂದಳು ಜಯ, ತೆಂಗಿನಕಾಯಿ ತುರಿಯುತ್ತಾ. "ನಿಮ್ಮ ತಲೇಲಿ ಇನ್ನೂ ಇದೆ."

"ಎಲ್ಲಿ?"

"ಬಲಗಡೆ. ಅಲ್ಲಲ್ಲ, ಕಿವಿ ಹಿಂದೆ. ಅದಲ್ಲ, ಆ ಕಿವಿ."

ಅವನು ತಡಕಾಡಿ ತೆಗೆದು ಅಂಗೈಯಲ್ಲಿ ಹಿಡಿದು ನೋಡಿದ. "ಬೆಳಿಗ್ಗೆಯಿಂದ ಎಲ್ಲರೂ ನನ್ನನ್ನ ಬೈದ್ರು. ನಮ್ಮ ಮ್ಯಾನೇಜರು ಬೈದ್ರು, ಛತ್ರದೋರು ಬೈದ್ರು, ಓಲಗದೋರೂ ಬೈದ್ರು. ನಕ್ಕಿದ್ದು ನೀವೊಬ್ರೇ" ಎಂದ. ಆ ಅಕ್ಕಿಕಾಳನ್ನು ಎಸೆಯಲಿಲ್ಲ, ಕೋಟಿನ ಜೇಬಿಗೆ ಹಾಕಿಕೊಂಡ. ನಾನು ಪಾಯಸಕ್ಕೆ ಎರಡನೆಯ ಸಲ ಬೆಲ್ಲ ಹಾಕಿದೆ. ಮೈಮೇಲೆ ಜ್ಞಾನ ಇದ್ದರೆ ತಾನೆ?

ವಿಚಾರಿಸಿದರೆ ಕೈವಾರದ ಕಡೆಯವರು, ನಮ್ಮವರೇ. ಸ್ವಲ್ಪ ಕಾಲದಲ್ಲೇ ತಾಯಿಯನ್ನು ಕರೆದುಕೊಂಡು ಹೆಣ್ಣು ನೋಡಲು ಬಂದ. ನಾನು ಜಾಣತನ ಮಾಡಿದೆ. ನಗದಿರಲಿ ಎಂದು ಜಯಳ ಬಾಯಿಗೆ ನೆಲ್ಲಿಕಾಯಿ ಗಾತ್ರದ ಕಲ್ಲುಸಕ್ಕರೆ ಇಟ್ಟು ಕಳಿಸಿದೆ. ಅವಳು ತಲೆ ತಗ್ಗಿಸಿ ಕಾಫಿ ಕೊಟ್ಟಳು. ಹೆಸರು ಕೇಳಿದರು. ಮಾತಿಲ್ಲ. ಓದು ಕೇಳಿದರು. ಮಾತಿಲ್ಲ. ಹುಡುಗನ ತಾಯಿ ನನ್ನ ಕಿವಿಯ ಹತ್ತಿರ ಬಂದು, "ಮಾತು ಬರಲ್ವಾ ಪಾಪ?" ಎಂದರು. ನಾರಾಯಣಸ್ವಾಮಿಯ ಮುಖ ಬಾಡಿಹೋಯಿತು. "ನಗ್ತಾನೇ ಇಲ್ಲ... ಒಪ್ಪಿಗೆ ಇಲ್ಲ ಅಂತ ಕಾಣುತ್ತೆ. ಹೋಗೋಣಮ್ಮ" ಎಂದು ಎದ್ದ.

ನಗು ಬಂತೆಂದು ಎದ್ದುಹೋದವರಾಯಿತು, ಬರಲಿಲ್ಲವೆಂದು ಎದ್ದುಹೋಗುವವನು ಇವನೊಬ್ಬ! "ಉಗುಳೇ!" ಎಂದು ಕಿರುಚಿದೆ. ಜಯ ಕಲ್ಲುಸಕ್ಕರೆಯನ್ನು ಕಟಕಟ ಕಡಿದು ನುಂಗಿ, ಅವನ ಮುಖ ನೋಡಿ, ನಕ್ಕಳು. ಅವನು ಕೂತುಕೊಂಡ. ಅಲ್ಲಿಗೆ ಮಾತುಕತೆ ಮುಗಿಯಿತು.

ಅದೇ ಛತ್ರದಲ್ಲಿ ಮದುವೆ. ಪತ್ರಿಕೆ ಹಾಕಿಸಲು ಹೋದರೆ ಪ್ರೆಸ್ಸಿನವರು ಹೆದರಿ, "ಇದು ಮದುವೇನೇ ತಾನೆ? ನಿಜವಾಗ್ಲೂ?" ಎಂದು ಮತ್ತೆ ಮತ್ತೆ ಕೇಳಿದರಂತೆ. ಯಜಮಾನರು ಸಾಹೇಬರ ಮಾತಿನಂತೆ ಬಿಂದಿಗೆಯನ್ನು ಧಾರೆಯಲ್ಲಿ ಅಳಿಯನ ಕೈಗೆ ಕೊಟ್ಟರು. ಹೆರಿಗೆಗೆ ಬರುವಾಗ ಜಯ ಅದನ್ನು ಜೊತೆಗೆ ತಂದು ನಮ್ಮ ಅಟ್ಟದ ಮೇಲೆ ಇಟ್ಟಿದ್ದಳು. ಕೊರೆಸಿದ ಹೆಸರು ತಪ್ಪಾಗಲಿಲ್ಲ ಎಂದು ಅವರಿಗೆ ಇವತ್ತಿಗೂ ಹೆಮ್ಮೆ.

ಇಲ್ಲಿಯವರೆಗೆ ನಗುತ್ತಾ ಬರೆದೆ. ಆಮೇಲಿನದು ಚಿಕ್ಕದಾಗಿ ಹೇಳಿಬಿಡುತ್ತೇನೆ. ವರ್ಷಗಳು ಕಳೆದವು, ಜಯಳ ಮಡಿಲು ತುಂಬಲಿಲ್ಲ. ಅಳಿಯ ಒಂದು ಮಾತೂ ಆಡಿದವನಲ್ಲ. ಆದರೆ ಊರಿಗೆ ಬಾಯಿ ಇದೆಯಲ್ಲ. ಸೀಮಂತಗಳಿಗೆ ಇವಳನ್ನು ಕರೆಯುವುದು ಬಿಟ್ಟರು. "ಅಷ್ಟು ನಗೋರ ಮನೇಲಿ ತೊಟ್ಟಿಲು ತೂಗಲ್ವಂತೆ" ಎಂದು ಯಾರೋ ಆಡಿದರು. ಮುರುಗಮಲ್ಲದ ದರ್ಗಾದಲ್ಲಿ ದಾರ ಕಟ್ಟಿದೆವು, ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲು ಹೊಯ್ದೆವು. ಜಯ ಎಲ್ಲವನ್ನೂ ಮಾಡಿದಳು, ಎಲ್ಲಿಯೂ ನಗಲಿಲ್ಲ. ಗಂಭೀರವಾದ ಜಾಗಗಳಲ್ಲೇ ನಗು ಬರುತ್ತಿದ್ದ ನನ್ನ ಮಗಳು, ನೋಡಿ! ತವರಿಗೆ ಬಂದರೆ ಅಡಿಗೆ, ಮಾತು ಎಲ್ಲ ಸರಿಯಾಗಿಯೇ ಮಾಡುತ್ತಿದ್ದಳು. ನಗುವನ್ನು ಮಾತ್ರ ರೈಲಿನಲ್ಲಿ ಮರೆತುಬಂದವಳ ಹಾಗಿದ್ದಳು. ಬಸಿರಾದಾಗಲೂ ಉಳಿಯುತ್ತದೋ ಇಲ್ಲವೋ ಎಂಬ ಭಯದಲ್ಲಿ ನಗಲಿಲ್ಲ.

ಇಷ್ಟು ಬರೆದು ಅಡಿಗೆಗೆ ಎದ್ದವಳು, ಊಟವೆಲ್ಲ ಮುಗಿಸಿ ರಾತ್ರಿ ಮತ್ತೆ ಬರೆಯಲು ಕೂತಿದ್ದೇನೆ. ಈಗ ಅವರೆಕಾಯಿಯ ಕಾಲ, ಮನೆಗೆ ಮಗು ಬಂದ ದಿನ. ಹಿತಕಿದ ಬೇಳೆ ಸಾರು, ಮುದ್ದೆ, ಒಬ್ಬಟ್ಟು ಮಾಡಿದೆ. ಸಾಯಂಕಾಲದ ರೈಲಿಗೆ ಅಳಿಯನೂ ಬೀಗಿತ್ತಿಯೂ ಬಂದರು. ಅಳಿಯ ಒಳಕೋಣೆಗೆ ಹೋಗಿ ಮಗುವನ್ನು ನೋಡಿ, ಹೊರಗೆ ಬಂದು ನನ್ನ ಕಾಲಿಗೆ ಬಿದ್ದ. ಪುರುಡಿನ ಮನೆಯಲ್ಲಿ ಅಕ್ಷತೆ ಹಾಕಬಾರದು ಎಂದು ಬೀಗಿತ್ತಿ ಗೊಣಗಿದರು. ಹಾಕಿದೆ. ಆಶೀರ್ವಾದಕ್ಕೆ ನಾಲ್ಕು ಕಾಳು ಸಾಕು, ನನಗೂ ಗೊತ್ತು. ನಾನು ಎರಡು ಕೈ ತುಂಬ ಹಾಕಿದೆ. ಅವನು ಈಗಲೂ ತಲೆಗೆ ಎಣ್ಣೆ ಹಚ್ಚುತ್ತಾನೆ.

ಎಲ್ಲರೂ ಸಾಲಾಗಿ ಎಲೆ ಮುಂದೆ ಕೂತೆವು. ಮುನಿಯಮ್ಮನನ್ನೂ ಕೂರಿಸಿದೆ. ಬಿಂದಿಗೆ ನಡುವೆ ಇತ್ತು, ಕುಡಿಯುವ ನೀರು ತುಂಬಿ. ಒಳಕೋಣೆಯ ಬಾಗಿಲು ಪೂರ್ತಿ ತೆರೆದಿಟ್ಟು, ಬಾಣಂತಿಯ ಮೆಣಸಿನ ಸಾರಿನ ಅನ್ನವನ್ನು ಜಯಳ ಕೈಗೆ ಕೊಟ್ಟೆ. ಗೋಡೆಗೆ ಒರಗಿ, ಮಗುವನ್ನು ತೊಡೆಯ ಪಕ್ಕ ಇಟ್ಟುಕೊಂಡು ಅವಳೂ ನಮ್ಮ ಜೊತೆಯೇ ಉಂಡಳು.

"ಮಗೂಗೆ ಸಮ್ಮೇಳನಾ ದೇವಿ ಅಂತ ಹೆಸರಿಡೋಣ. ಬಿಂದಿಗೆ ಮೇಲೆ ಆಗ್ಲೇ ಕೊರೆದಿದೆ, ಖರ್ಚಿಲ್ಲ" ಎಂದರು ಯಜಮಾನರು. ಬೀಗಿತ್ತಿಗೆ ನೆತ್ತಿ ಹತ್ತಿತು. ನಾನು ಜಯಳ ಕಡೆ ನೋಡಿದೆ. ಸಣ್ಣಗೆ ತುಟಿ ಅಲುಗಿತು, ಅಷ್ಟೇ.

"ನಾರಾಯಣಸ್ವಾಮಿ, ನೀನೊಂದೆರಡು ಮಾತು ಹೇಳಪ್ಪ" ಎಂದೆ ನಾನು.

ಅಳಿಯನಿಗೆ ಸಭೆ ಎಂದರೆ ಇಂದಿಗೂ ಭಕ್ತಿ. ಎಲೆಯ ಮುಂದೆ ಎದ್ದು ನಿಂತ. ಗಂಟಲು ಸರಿ ಮಾಡಿಕೊಂಡ. "ಮಾನ್ಯ ಮುನಿಯಮ್ಮನವರಿಗೆ ವಂದನೆಗಳು" ಎಂದು ಬಾಗಿದ. ಅವನ ತಲೆಯಿಂದ ಅಕ್ಷತೆ ಜಾರಿ ಸಾರಿನಲ್ಲಿ ಬಿತ್ತು. "ಮಾನ್ಯ ಅತ್ತೆಯವರಿಗೆ..." ಒಬ್ಬಟ್ಟಿನ ಮೇಲೆ ಬಿತ್ತು. "ರೈಲ್ವೆ ಇಲಾಖೆಯವರಿಗೆ..." ನಮ್ಮ ಯಜಮಾನರ ಬೋಳುತಲೆಯ ಮೇಲೆ ಬಿತ್ತು. ಯಜಮಾನರು ಮಳೆಯೇನೋ ಎಂದು ಸೂರು ನೋಡಿದರು.

ನಾನು ಉಣ್ಣುವುದು ಬಿಟ್ಟು ಬಾಗಿಲ ಕಡೆ ನೋಡುತ್ತಾ ಕೂತೆ. ಮೊದಲು ಏನೂ ಇಲ್ಲ. ಆಮೇಲೆ ಭುಜ. ಆಮೇಲೆ ಮೂಗಿನಿಂದ ಸಣ್ಣ ಶಬ್ದ.

ಆಮೇಲೆ ಕೋಡಿ ಬಿತ್ತು.

"ಅಯ್ಯೋ, ನಗಬೇಡ್ವೇ, ಹಸಿ ಮೈ, ಹೊಟ್ಟೆ ನೋವಾಗ್ತದೆ!" ಎಂದು ಮುನಿಯಮ್ಮ ಮುದ್ದೆಯ ಕೈಯಲ್ಲೇ ಎದ್ದಳು. ಜಯ ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಇನ್ನೊಂದು ಕೈಯಿಂದ ನಿಲ್ಲಿಸು ನಿಲ್ಲಿಸು ಎಂದು ಗಂಡನಿಗೆ ಸನ್ನೆ ಮಾಡುತ್ತಾ ನಗುತ್ತಿದ್ದಾಳೆ. ಮಗು ಬೆಚ್ಚಿ ಎದ್ದು, ಅದೇನು ಗಲಾಟೆ ಎಂದು ಬೆಳಗಿನ ರೈಲಿನಂತೆ ಕೂಗುತ್ತಿದೆ.

ನಾರಾಯಣಸ್ವಾಮಿ ಅವಳನ್ನೇ ನೋಡುತ್ತಾ ನಿಂತ. ಕಣ್ಣು ತುಂಬಿತ್ತು. ಕೈ ಮುಗಿದು, "ಮುಂದುವರಿಸಲು ಅಪ್ಪಣೆ ಇದೆಯೇ?" ಎಂದು ಕೇಳಿದ.

ಅವಳು ಸೆರಗು ಬಾಯಿಗೆ ತುರುಕಿಕೊಂಡು ಹೂಂ ಎಂದು ತಲೆಯಾಡಿಸಿದಳು. ನಾನು ಅವನ ಎಲೆಗೆ ಇನ್ನೊಂದು ಮುದ್ದೆ ಹಾಕಿದೆ.